ವೈದ್ಯರು ಬಾನುಲಿಗೆ, ಟಿ.ವಿ.ಗೆ, ಪತ್ರಿಕೆಗೆ ಹೋಗುವ ಮೊದಲು

ರೋಗಿಗಳನ್ನು ನೋಡುತ್ತಲೇ ಜನರ ನಡುವೆ ಮಾತನಾಡಲು ಹೊರಡುವ ಕಿರಿಯ ವೈದ್ಯರಿಗೆ ಕನ್ನಡದಲ್ಲಿ ದಾರಿ ಈಗಾಗಲೇ ಸವೆದಿದೆ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಡಾ. ಅನುಪಮಾ ನಿರಂಜನ ಅವರು ಬಸಿರು, ಬಾಣಂತನ, ಶಿಶುಪಾಲನೆಯ ವಿಷಯಗಳನ್ನು ಮನೆಮನೆಯ ಹೆಣ್ಣುಮಕ್ಕಳು ಓದುವಂತೆ ಬರೆದರು. ಡಾ. ನಾ. ಸೋಮೇಶ್ವರ ಅವರು 2002ರಿಂದ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುತ್ತ ಬಂದವರು. ಆದರೆ ನಾನು ಮೊದಲು ಗಮನಿಸಲು ಹೇಳುವುದು ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಬದುಕನ್ನು. ಇನ್ನೂರಕ್ಕೂ ಹೆಚ್ಚು ಪುಸ್ತಕಗಳು, ಪತ್ರಿಕೆಗಳ ಪ್ರಶ್ನೋತ್ತರಗಳು, ಬೆಂಗಳೂರಿನ ‘ಸಮಾಧಾನ’ ಕೇಂದ್ರದ ಉಚಿತ ಆಪ್ತಸಮಾಲೋಚನೆ ಇವೆಲ್ಲ ಅವರಲ್ಲಿ ಒಂದೇ ಕೆಲಸದ ಮುಂದುವರಿಕೆಯಾಗಿವೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಆ ಕೆಲಸಕ್ಕೆ.

ಮೊದಲು ಮಾತನ್ನು ಹದ ಮಾಡಿಕೊಳ್ಳಿ. ರೋಗಿಯು ‘ಶುಗರ್ ಬಂದಿದೆ’, ‘ಎದೆ ಹಿಡಿದಂತಾಗುತ್ತೆ’ ಎನ್ನುತ್ತಾರೆಯೇ ಹೊರತು ಪಠ್ಯಪುಸ್ತಕದ ಹೆಸರುಗಳನ್ನು ಹೇಳುವುದಿಲ್ಲ. ಆದ್ದರಿಂದ ಆ ಮಾತಿನಿಂದಲೇ ಆರಂಭಿಸಿ, ಅಗತ್ಯವಿದ್ದರೆ ಮಾತ್ರ ಶಾಸ್ತ್ರದ ಪದವನ್ನು ಪಕ್ಕದಲ್ಲಿಡಿ. ಜನರ ನಂಬಿಕೆಯನ್ನು ಹೀಯಾಳಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಫಿಟ್ಸ್ ವಿಷಯವನ್ನೇ ತೆಗೆದುಕೊಳ್ಳಿ. ಬಸ್ ನಿಲ್ದಾಣದಲ್ಲಿ ಒಬ್ಬರು ಕುಸಿದು ಕೈಕಾಲು ಅದುರಿಸುತ್ತಿದ್ದರೆ ಯಾರೋ ಓಡಿಬಂದು ಅವರ ಮುಷ್ಟಿಗೆ ಬೀಗದ ಕೈ ಗೊಂಚಲನ್ನು ತುರುಕುತ್ತಾರೆ. ಹಾಗೆ ಮಾಡುವವರ ಮನಸ್ಸಿನಲ್ಲಿರುವುದು ಕಾಳಜಿಯೇ. ಅವರಿಗೆ ‘ಇದು ಮೂಢನಂಬಿಕೆ’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಆ ಕೈಗಳು ಮಾಡಬೇಕಾದ ಕೆಲಸ ತಿಳಿಯದೆ ಖಾಲಿ ಉಳಿಯುತ್ತವೆ. ಬದಲಿಗೆ ಆ ಕೈಗಳಿಗೆ ಕೆಲಸ ಕೊಡಿ: ಸುತ್ತಲಿನ ಚೂಪು ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮಡಚಿದ ಟವೆಲ್ ಇಟ್ಟು, ಕತ್ತಿನ ಗುಂಡಿ ಸಡಿಲಿಸಿ, ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬೇಡಿ, ಗಡಿಯಾರ ನೋಡುತ್ತಿರಿ, 5 ನಿಮಿಷ ದಾಟಿದರೆ 108ಕ್ಕೆ ಕರೆಮಾಡಿ.

ಬಾನುಲಿಗೂ ಟಿ.ವಿ.ಗೂ ಇರುವ ಅಂತರವನ್ನು ಮರೆಯಬಾರದು. ಭೇದಿಯಾದವರಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಹೇಳುತ್ತೇವೆ. ಟಿ.ವಿ.ಯಲ್ಲಿ ಚಮಚವನ್ನು ತೋರಿಸಬಹುದು. ಬಾನುಲಿಯಲ್ಲಿ ಅದು ಟೀ ಚಮಚವೆಂದೂ, ಗೋಪುರವಾಗಿ ತುಂಬದೆ ಮಟ್ಟಸವಾಗಿ ಅಳೆಯಬೇಕೆಂದೂ ಬಾಯಿಬಿಟ್ಟು ಹೇಳಲೇಬೇಕು, ಏಕೆಂದರೆ ಉಪ್ಪು ಹೆಚ್ಚಾದರೆ ಎಳೆಯ ಮಗುವಿಗೆ ಅಪಾಯ.

ಫೋನ್-ಇನ್ ಕಾರ್ಯಕ್ರಮದಲ್ಲಿ ಕರೆ ಮಾಡಿದವರಿಗೆ ಮಾತ್ರೆಯ ಹೆಸರನ್ನು ಹೇಳಬೇಡಿ. ಕೇಳಿದವರು ಒಬ್ಬರಾದರೂ ಅದನ್ನು ಬರೆದುಕೊಳ್ಳುವವರು ಹಲವರು, ಮತ್ತು ಅವರಲ್ಲಿ ಯಾರನ್ನೂ ನೀವು ಪರೀಕ್ಷಿಸಿಲ್ಲ.

ಪ್ರಚಾರದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ವೈದ್ಯರ ವೃತ್ತಿ ನಡವಳಿಕೆಯನ್ನು ಕುರಿತ 2002ರ ನಿಯಮಗಳು ಸಾರ್ವಜನಿಕ ಆರೋಗ್ಯ, ನೈರ್ಮಲ್ಯದ ವಿಷಯಗಳಲ್ಲಿ ಸ್ವಂತ ಹೆಸರಿನಲ್ಲಿ ಬರೆಯಲು, ಬಾನುಲಿ, ಟಿ.ವಿ.ಗಳಲ್ಲಿ ಮಾತನಾಡಲು ಅವಕಾಶ ಕೊಟ್ಟಿದ್ದರೂ, ತನ್ನನ್ನು ತಾನು ಜಾಹೀರಾತು ಮಾಡಿಕೊಂಡು ರೋಗಿಗಳನ್ನು ಸೆಳೆಯುವಂಥ ಬರಹ, ಸಂದರ್ಶನಗಳನ್ನು ನಿಷೇಧಿಸಿವೆ. ಹಾಗಾಗಿ ಅಂಕಣದ ಕೊನೆಯಲ್ಲಿ ಕ್ಲಿನಿಕ್ಕಿನ ವಿಳಾಸ ಇರಬಾರದು, ರೋಗಿಯ ಕಥೆಯಲ್ಲಿ ಅವರ ಊರು, ಮನೆತನ ಗುರುತಾಗುವ ಸುಳಿವೂ ಇರಬಾರದು.

ಹೆಸರು ಬಂದ ಮೇಲಿನ ಸೇವೆಗೆ ದೊಡ್ಡ ಕಟ್ಟಡವೇ ಬೇಕೆಂದು ಕಾಯುತ್ತ ಕೂರುವುದು ನನಗೆ ಸರಿಕಾಣುವುದಿಲ್ಲ. ಒಂದು ಕೋಣೆ, ವಾರದಲ್ಲಿ ತಪ್ಪದ ಒಂದು ದಿನ, ಕೇಳುವ ತಾಳ್ಮೆಯಿರುವ ನಾಲ್ಕು ಜನ ಇದ್ದರೆ ಆರಂಭಿಸಬಹುದು. ವೈದ್ಯರಲ್ಲದ ಆಸಕ್ತರಿಗೂ ಆಪ್ತಸಮಾಲೋಚನೆಯ ತರಬೇತಿ ಕೊಟ್ಟು ಕೆಲಸವನ್ನು ಹಂಚಿಕೊಂಡದ್ದು ಚಂದ್ರಶೇಖರ್ ಅವರ ಮಾದರಿಯಲ್ಲಿ ನಾನು ಅತ್ಯಂತ ಗೌರವಿಸುವ ಅಂಶ. ಹಣ ಪಡೆಯುವ ಹಂತ ಬಂದಾಗ ಟ್ರಸ್ಟ್ ನೋಂದಾಯಿಸಿ, ಕ್ಲಿನಿಕ್ಕಿನ ಲೆಕ್ಕವನ್ನೂ ಟ್ರಸ್ಟಿನ ಲೆಕ್ಕವನ್ನೂ ಬೇರೆಬೇರೆ ಖಾತೆಯಲ್ಲಿಡಿ.

ನಿಮ್ಮ ಕೋಣೆಗೆ ಬರಲಾಗದ ದೂರದೂರಿನ ಕೇಳುಗರಿಗಾಗಿ, ಮನಸ್ಸಿನ ಆರೋಗ್ಯದ ಕಾರ್ಯಕ್ರಮವನ್ನು ಮುಗಿಸುವ ಮುನ್ನ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಎರಡು ಬಾರಿ ಹೇಳಿ, ನಡುವೆ ತುಸು ನಿಲ್ಲಿಸಿ; ಮನೆಯಲ್ಲಿ ಅವರು ಪೆನ್ನು ಹುಡುಕುತ್ತಿರುತ್ತಾರೆ.