ಡೀಲರ್‌ಶಿಪ್‌ನವರು ಕೆಡಿಸಿದ ಕಸ್ಟಮ್ ವೀಲ್‌ಗೆ ಅವರ ಕೈಯಿಂದಲೇ ದುಡ್ಡು ಕೊಡಿಸ್ಕೊಂಡಿದ್ದು – ನನ್ನ ಅನುಭವ

ಹೊರಗಡೆ ಹಾಕಿಸಿರೋ ಅಲಾಯ್ ವೀಲ್ ಅಂದ್ರೆ ಸರ್ವಿಸ್ ಸೆಂಟರ್‌ನವರಿಗೆ ಒಂಥರಾ ಅಲರ್ಜಿ. ಕಂಪನಿ ವೀಲ್‌ಗೆ ಏನಾದ್ರೂ ಆದ್ರೆ ಸ್ಟೋರ್‌ನಿಂದ ಒಂದು ತಂದು ಹಾಕಿ ಮುಚ್ಚಿಹಾಕ್ತಾರೆ, ನಮ್ಮದಕ್ಕೆ ಆದ್ರೆ ಪಾರ್ಟ್ ನಂಬರೇ ಇಲ್ಲ, ಬೆಲೆ ಗೊತ್ತಿಲ್ಲ, ಹಾಗಾಗಿ ಮೊದಲ ಉತ್ತರವೇ "ಇದು ಮೊದ್ಲೇ ಇತ್ತು ಸಾರ್". ನನಗೂ ಅದೇ ಉತ್ತರ ಬಂತು. ಆದ್ರೂ ಕೊನೆಗೆ ದುಡ್ಡು ಅವರೇ ಕೊಟ್ರು. ಅದು ನನ್ನ ಬಾಯಿಜೋರಿನಿಂದ ಆಗಿದ್ದಲ್ಲ, ಆ ಗಾಯ ಅವರ ಮಷಿನ್ನಿಂದಲೇ ಆಗಿದ್ದು ಅಂತ ತೋರಿಸೋಕೆ ಆಗಿದ್ರಿಂದ.

ಸರ್ವಿಸ್ ಜೊತೆಗೆ ಟೈರ್ ಬದಲಾಯಿಸಿ ಬ್ಯಾಲೆನ್ಸಿಂಗ್ ಮಾಡಿ ಅಂತ ಕಾರು ಬಿಟ್ಟಿದ್ದೆ. ವಾಪಸ್ ತಗೊಳೋಕೆ ಹೋದಾಗ ಮೂರು ವೀಲ್‌ಗಳ ಹೊರ ಅಂಚಲ್ಲಿ ಕಚ್ಚಿದ ಹಾಗೆ ಗುರುತು, ಒಂದರಲ್ಲಂತೂ ಉಗುರು ಸಿಕ್ಕಿಹಾಕ್ಕೊಳೋಷ್ಟು ಆಳ. ನಟ್ ಕೂರೋ ತೂತುಗಳ ಸುತ್ತ ಬೇರೆ ಪೇಂಟ್ ಚಕ್ಕೆ ಎದ್ದಿತ್ತು, ನಟ್ ಬಿಚ್ಚೋ ಇಂಪ್ಯಾಕ್ಟ್ ಗನ್‌ಗೆ ತೆಳ್ಳಗಿನ ಸಾಕೆಟ್ ಹಾಕದೆ ಬಿಟ್ರೆ ಹಂಗೇ ಆಗೋದು. ನಾನು ಗಾಡಿ ಅಲ್ಲಿಂದ ಅಲ್ಲಾಡಿಸಲಿಲ್ಲ. ಗೇಟ್ ದಾಟಿ ಹೊರಗೆ ಹೋದ ಮೇಲೆ ಆ ಗಾಯ ಎಲ್ಲಿ ಆಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಡೆಲಿವರಿ ಸೈನ್ ಹಾಕೋ ಜಾಗದ ಪಕ್ಕದಲ್ಲೇ "ಮೂರು ವೀಲ್‌ಗೆ ಹಾನಿಯಾಗಿದೆ, ಗಾಡಿ ಸರ್ವಿಸ್ ಸೆಂಟರ್ ಒಳಗೇ ಇದೆ" ಅಂತ ಟೈಮ್ ಸಮೇತ ಬರೆದು ಸರ್ವಿಸ್ ಅಡ್ವೈಸರ್ (ಗಾಡಿ ತಗೊಂಡು ವಾಪಸ್ ಕೊಡೋ ಹುಡುಗ) ಹತ್ರ ಸೈನ್ ಕೇಳಿದೆ. ಅವನು ಹಾಕಲ್ಲ ಅಂದ. ಸರಿ, ಹಾಕಲ್ಲ ಅಂದ ಅನ್ನೋದನ್ನೂ ಅಲ್ಲೇ ಬರೆದು ಫೋಟೋ ಹೊಡ್ಕೊಂಡೆ.

ಈಗ ಮುಖ್ಯ ವಿಷಯ, ಗುರುತು ಓದೋದು. ಅವರ ವಾದ ಫುಟ್‌ಪಾತ್ ಅಂಚಿಗೆ ಉಜ್ಜಿರೋದು ಅಂತ. ಕಲ್ಲಿಗೆ ಉಜ್ಜಿದ್ರೆ ಗೀರು ಉದ್ದಕ್ಕೆ ಎಳೆದ ಹಾಗಿರುತ್ತೆ, ಚಕ್ರ ತಿರುಗೋ ದಿಕ್ಕಿಗೇ ಬಿದ್ದಿರುತ್ತೆ, ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಏನೂ ಇರಲ್ಲ, ಮತ್ತೆ ಹೆಚ್ಚಾಗಿ ಪಕ್ಕದ ಟೈರ್ ಗೋಡೆನೂ ತರಚಿರುತ್ತೆ. ನನ್ನದರಲ್ಲಿ ಟೈರ್ ಹೊಚ್ಚ ಹೊಸದು, ಅದರ ರಬ್ಬರ್ ಕೂದಲು ಕೂಡ ಹಂಗೇ ನಿಂತಿತ್ತು. ಗುರುತುಗಳು ಗಿಡ್ಡ, ಒಳಮುಖವಾಗಿ ಒತ್ತಿದ ಹಾಗೆ. ಇನ್ನೊಂದು, ಹೊಸ ಗೀರಲ್ಲಿ ಅಲ್ಯೂಮಿನಿಯಂ ಬೆಳ್ಳಗೆ ಮಿಂಚುತ್ತೆ, ಹಳೇದಾದ್ರೆ ಬ್ರೇಕ್ ಧೂಳು ಕೂತು ಮಂಕಾಗಿರುತ್ತೆ. ಇದನ್ನ ಅವತ್ತೇ ಹತ್ತಿರದಿಂದ, ಬೆಳಕು ಪಕ್ಕದಿಂದ ಬೀಳೋ ಹಾಗೆ ಫೋಟೋ ತೆಗೀಬೇಕು, ವಾರ ಬಿಟ್ಟು ತೆಗೆದ್ರೆ ಆ ಸಾಕ್ಷಿ ಹೋಯ್ತು.

ಟೈರ್ ಬಿಚ್ಚೋ ಮಷಿನ್ ನೋಡಿದೋರಿಗೆ ಗೊತ್ತಿರುತ್ತೆ, ಕೆಳಗೆ ತಿರುಗೋ ತಟ್ಟೆ, ಅದರ ಮೇಲೆ ಸಾಮಾನ್ಯವಾಗಿ ನಾಲ್ಕು ಹಿಡಿಗಳು, ಅವು ಗಾಳಿ ಒತ್ತಡದಲ್ಲಿ ಬಂದು ರಿಮ್ಮನ್ನ ಕಚ್ಚಿ ಹಿಡಿಯೋದು. ಅಲಾಯ್ ಆದ್ರೆ ಆ ಹಿಡಿಗಳಿಗೆ ಪ್ಲಾಸ್ಟಿಕ್ ಕವರ್ ಹಾಕ್ಬೇಕು. ಸಾಮಾನ್ಯ ವೀಲ್‌ನ ಮುಖ ಮೇಲೆ ಮಾಡಿ ಇಡ್ತಾರೆ, ಹಿಡಿ ಕಚ್ಚಿದ್ರೂ ಹಿಂದಿನ ಅಂಚಲ್ಲಿ, ಯಾರ ಕಣ್ಣಿಗೂ ಬೀಳಲ್ಲ. ಟೈರ್ ಬಿಚ್ಚಿ ಹಾಕೋವಾಗ ಅದರ ಅಂಚು ಇಳಿಯೋಕೆ ಅಂತ ರಿಮ್ಮಲ್ಲಿ ಒಂದು ತಗ್ಗು ಇರುತ್ತೆ, ನನ್ನ ವೀಲ್‌ಗಳಲ್ಲಿ ಅದು ಹಿಂಭಾಗಕ್ಕೆ ಹತ್ತಿರ ಇದೆ, ರಿವರ್ಸ್ ಡ್ರಾಪ್ ಸೆಂಟರ್ ಅಂತಾರೆ. ಇಂಥದ್ದರ ಟೈರ್ ಹಿಂದುಗಡೆಯಿಂದಲೇ ಬಿಚ್ಚಿ ಹಾಕ್ಬೇಕು, ಅಂದ್ರೆ ವೀಲ್‌ನ ಮುಖ ಕೆಳಗೆ ಮಾಡಿ ಮಲಗಿಸ್ಬೇಕು, ಆಗ ಆ ಕಬ್ಬಿಣದ ಹಿಡಿಗಳು ಬಂದು ಕಚ್ಚೋದು ಎಲ್ಲರಿಗೂ ಕಾಣೋ ಮುಂದಿನ ಅಂಚನ್ನೇ!

ಗಾಯಗಳೂ ಆ ನಾಲ್ಕು ಹಿಡಿಗಳ ಹಾಗೆ ಸಮ ಅಂತರದಲ್ಲಿವೆಯಾ ಅಂತ ನೋಡೋಕೆ ಅಲ್ಲೇ ಕ್ಯಾಷಿಯರ್ ಹತ್ರ ಪಾರ್ಸೆಲ್ ಕಟ್ಟೋ ದಾರ ಇಸ್ಕೊಂಡೆ. ವೀಲ್‌ನ ಅಂಚಿನ ಸುತ್ತ ಒಂದು ಸುತ್ತು ಹಿಡಿದು ಕತ್ತರಿಸಿ, ಅದನ್ನ ಎರಡಕ್ಕೆ ಮಡಚಿ ಮತ್ತೆ ಎರಡಕ್ಕೆ ಮಡಚಿ, ಮಡಿಕೆ ಬಂದ ಮೂರು ಕಡೆ ಮತ್ತೆ ತುದಿಗಳು ಸೇರೋ ಕಡೆ ಪೆನ್ನಲ್ಲಿ ಗುರುತು ಹಾಕಿ, ಪುನಃ ವೀಲ್‌ಗೆ ಸುತ್ತಿದೆ. ಒಂದು ಪೆನ್ ಗುರುತನ್ನ ಒಂದು ಗಾಯದ ಮೇಲೆ ಇಟ್ಟ ತಕ್ಷಣ ಉಳಿದ ಮೂರೂ ಗಾಯಗಳ ಮೇಲೆ ಉಳಿದ ಮೂರು ಪೆನ್ ಗುರುತು ಕೂತ್ವು. ಅದೇ ದಾರ ಎರಡನೇ ವೀಲ್‌ಗೆ, ಮೂರನೇ ವೀಲ್‌ಗೆ, ಅಲ್ಲೂ ಹಂಗೇ. ಸಮ ಅಂತರದಲ್ಲಿ ನಾಲ್ಕು ಕಡೆ ಕಚ್ಚೋ ಫುಟ್‌ಪಾತ್ ಈ ಭೂಮಿ ಮೇಲೆ ಎಲ್ಲೂ ಇಲ್ಲ. ಇದನ್ನ ವಿಡಿಯೋ ಮಾಡಿದೆ, ಮಾತಾಡದೇನೇ, ಬರೀ ದಾರ ಮತ್ತೆ ಗುರುತು. ಆಮೇಲೆ ಗ್ರಾಹಕರು ನಿಂತು ನೋಡೋ ಗಾಜಿನ ಹಿಂದೆಯಿಂದ ಅವರ ಮಷಿನ್ ಫೋಟೋ ತೆಗೆದೆ, ಎರಡು ಹಿಡಿಗೆ ಕವರ್ ಇತ್ತು, ಇನ್ನೆರಡಕ್ಕೆ ಬರೀ ಲೋಹ. ವೀಲ್ ಮೇಲೂ ಎದುರುಬದುರು ಎರಡು ಗಾಯ ಆಳ, ಇನ್ನೆರಡು ಬರೀ ಪೇಂಟ್ ಮೇಲಿನ ಒತ್ತು. ಇದು ಸಿಕ್ಕಿದ್ದು ಅದೃಷ್ಟ ಅನ್ನಿ.

ಅಡ್ವೈಸರ್ ಜೊತೆ ಇದನ್ನೆಲ್ಲ ವಾದ ಮಾಡೋಕೆ ಹೋಗ್ಲಿಲ್ಲ. ಆ ಹುಡುಗನಿಗೆ ಒಂದು ರೂಪಾಯಿ ಮಂಜೂರು ಮಾಡೋ ಅಧಿಕಾರ ಇರಲ್ಲ, ಹೂಂ ಅಂದ್ರೆ ಅವನ ತಲೆ ಮೇಲೇ ಬರುತ್ತೆ, ಅದಕ್ಕೇ ಅವನು ಇಲ್ಲ ಇಲ್ಲ ಅಂತಾನೆ ಇರ್ತಾನೆ. ಸರ್ವಿಸ್ ಮ್ಯಾನೇಜರ್‌ಗೆ ಇಮೇಲ್ ಹಾಕಿದೆ, ಡೀಲರ್‌ಶಿಪ್‌ನ ಜನರಲ್ ಮ್ಯಾನೇಜರ್‌ಗೆ ಕಾಪಿ. ಗಾಡಿ ಒಳಗೆ ಬಿಡೋವಾಗ ನಾಲ್ಕೂ ಕಡೆ ತೆಗೆದ ಫೋಟೋ (ಇದು ನನ್ನ ಹಳೇ ಚಟ, ಪೆಟ್ರೋಲ್ ಮುಳ್ಳು, ಕಿಲೋಮೀಟರ್, ನಾಲ್ಕು ವೀಲ್, ತೆಗೀದೆ ಕೀ ಕೊಡಲ್ಲ), ಗಾಡಿ ತಗೊಳೋವಾಗ ಅವರು ಬರ್ಕೊಂಡ ಜಾಬ್ ಕಾರ್ಡ್‌ನಲ್ಲಿ ವೀಲ್ ಗೀರು ಅಂತ ಏನೂ ಗುರುತು ಹಾಕಿಲ್ಲದೇ ಇರೋದು, ದಾರದ ವಿಡಿಯೋ, ಮಷಿನ್ ಫೋಟೋ. ಕೆಳಗೆ ಒಂದೇ ಬೇಡಿಕೆ, ವರ್ಕ್‌ಶಾಪ್‌ನ ಆ ದಿನದ ಸಿಸಿಟಿವಿ ರೆಕಾರ್ಡಿಂಗ್ ಅಳಿಸದೆ ತೆಗೆದಿಡಿ. ಆ ರೆಕಾರ್ಡಿಂಗ್ ಕೆಲವು ದಿನ ಆದ್ರೆ ತಾನಾಗೇ ಅಳಿಸಿಹೋಗುತ್ತೆ, ಅದಕ್ಕೇ ಇದನ್ನ ಮೊದಲ ಪತ್ರದಲ್ಲೇ ಕೇಳ್ಬೇಕು, ಕೊಡ್ತಾರೋ ಬಿಡ್ತಾರೋ ಆಮೇಲಿನ ಮಾತು.

ಮ್ಯಾನೇಜರ್ ಕರೆಸಿದ್ರು. "ಸಾರ್, ಇದು ಹೊರಗಡೆ ಫಿಟ್ಟಿಂಗು, ವಾರಂಟಿ ಬರಲ್ವಲ್ಲ" ಅಂದ್ರು. ನಾನು ವಾರಂಟಿ ಕೇಳ್ತಿಲ್ಲ, ವೀಲ್ ತಾನಾಗೇ ಬಿರುಕು ಬಿಟ್ಟಿದ್ರೆ ನಿಮ್ಮನ್ನ ಕೇಳೋ ಮಾತೇ ಇರಲಿಲ್ಲ, ಇದು ನಿಮ್ಮ ವಶದಲ್ಲಿದ್ದಾಗ ನಿಮ್ಮ ಕೆಲಸದಿಂದ ಆದ ಹಾನಿ, ಎರಡೂ ಬೇರೆ ಬೇರೆ ಅಂದೆ. ಆಮೇಲೆ ಜಾಬ್ ಕಾರ್ಡ್ ಹಿಂದೆ ಸಣ್ಣಕ್ಷರದಲ್ಲಿರೋ "ಮಾಲೀಕರ ಸ್ವಂತ ಜವಾಬ್ದಾರಿ ಮೇಲೆ" ಅನ್ನೋ ಸಾಲು ತೋರಿಸಿದ್ರು. ಇನ್ನೊಬ್ಬರ ವಸ್ತು ಇಟ್ಕೊಂಡೋರು ಅದನ್ನ ತಕ್ಕ ಎಚ್ಚರಿಕೆಯಿಂದ ನೋಡ್ಕೋಬೇಕು ಅನ್ನೋದು ಕಾನೂನಲ್ಲಿ ತುಂಬಾ ಹಳೇ ತತ್ವ, ಬೇಲ್‌ಮೆಂಟ್ ಅಂತಾರೆ, ಒಂದು ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ಸ್ವಂತ ಅಜಾಗರೂಕತೆಯಿಂದ ಯಾವಾಗಲೂ ತಪ್ಪಿಸ್ಕೊಳೋಕೆ ಆಗಲ್ಲ. ಇಷ್ಟನ್ನ ಮೆತ್ತಗೇ ಹೇಳಿದೆ. ಈ ವೀಲ್ ನಮ್ಮ ಮಷಿನ್‌ಗೆ ಆಗಲ್ಲ ಅಂತ ಮೊದಲೇ ಹೇಳೋ ಅವಕಾಶ ನಿಮಗಿತ್ತಲ್ಲ, ಹೇಳಿದ್ರೆ ನಾನು ಬೇರೆ ಕಡೆ ಹೋಗ್ತಿದ್ದೆ ಅಂದೆ. ಅದಕ್ಕೆ ಅವರ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಶುರುವಾಯ್ತು ಚೌಕಾಸಿ. ನಮ್ಮ ಪೇಂಟ್ ಬೂತಲ್ಲಿ ಟಚ್‌ಅಪ್ ಮಾಡಿಕೊಡ್ತೀವಿ ಅಂದ್ರು, ಮುಂದಿನ ಸರ್ವಿಸ್ ಫ್ರೀ ಅಂದ್ರು. ಟಚ್‌ಅಪ್‌ಗೆ ಮಾತ್ರ ಯಾವ ಕಾರಣಕ್ಕೂ ಒಪ್ಪಬಾರದು, ಅವರು ಒಮ್ಮೆ ಪುಟ್ಟಿ ತುಂಬಿ ಬಣ್ಣ ಹೊಡೆದ್ರೆ ಹಾನಿನೂ ಕಾಣಲ್ಲ ಸಾಕ್ಷಿನೂ ಇರಲ್ಲ. ಜೊತೆಗೆ ಬಾಡಿ ಪೇಂಟ್ ಬೇರೆ, ವೀಲ್‌ನ ಪೌಡರ್ ಕೋಟ್ ಬೇರೆ. ಪೌಡರ್ ಕೋಟ್ ಅನ್ನೋದು ಪುಡಿ ಹಾಯಿಸಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಓವನ್ನಲ್ಲಿ ಕಾಯಿಸಿ ಕೂರಿಸೋದು, ಹಾಗಾಗಿ ಟೈರು, ಒಳಗಿನ ಪ್ರೆಷರ್ ಸೆನ್ಸರ್, ವಾಲ್ವ್ ಎಲ್ಲ ಬಿಚ್ಚಲೇಬೇಕು, ಆ ಖರ್ಚೂ ಕ್ಲೇಮಿಗೆ ಸೇರುತ್ತೆ. ಮೂರಕ್ಕೆ ಮಾತ್ರ ಮಾಡಿಸಿದ್ರೆ ನಾಲ್ಕನೆಯದರ ಬಣ್ಣ ಹೊಂದಲ್ಲ, ಅದಕ್ಕೆ ನಾಲ್ಕಕ್ಕೂ ಕೇಳಿದೆ. ವೀಲ್ ರಿಪೇರಿ ಮಾಡೋ ಬೇರೆ ಬೇರೆ ಕಡೆಯಿಂದ ಲಿಖಿತ ಎಸ್ಟಿಮೇಟ್ ತಂದಿದ್ದೆ, ಆಳವಾಗಿ ಕಚ್ಚಿದ್ದ ವೀಲ್ ಬಗ್ಗೆ ಎಲ್ಲರೂ ವೆಲ್ಡಿಂಗ್ ಬೇಡ ಅಂತ ಬರೆದುಕೊಟ್ಟಿದ್ರು. ನನ್ನವು ಫೋರ್ಜ್ಡ್, ಅಂದ್ರೆ ಭಾರೀ ಒತ್ತಡದಲ್ಲಿ ಒತ್ತಿ ಮಾಡಿದ ಅಲ್ಯೂಮಿನಿಯಂ, ಅದರ ಬಲದ ದೊಡ್ಡ ಪಾಲು ಬರೋದು ಹದವಾಗಿ ಕಾಯಿಸಿ ತಣಿಸೋ ಶಾಖ ಸಂಸ್ಕಾರದಿಂದ, ಮತ್ತೆ ಬೆಸೆಯೋ ಬಿಸಿ ತಗುಲಿದ ಜಾಗ ಮೆತ್ತಗಾಗುತ್ತೆ. ಆ ಒಂದಕ್ಕೆ ಹೊಸದೇ ಬೇಕು ಅಂತ ವೀಲ್ ತಯಾರಕರ ಕೊಟೇಶನ್ ಇಟ್ಟೆ. ವ್ಯಾಸ, ಅಗಲ, ಆಫ್‌ಸೆಟ್ (ವೀಲ್ ಎಷ್ಟು ಒಳಗೆ ಹೊರಗೆ ಕೂರುತ್ತೆ ಅನ್ನೋದು), ಸೆಂಟರ್ ಬೋರ್ (ನಡುವಿನ ತೂತಿನ ಅಳತೆ), ಬೋಲ್ಟ್ ಪ್ಯಾಟರ್ನ್ (ನಟ್ ತೂತುಗಳ ಸಂಖ್ಯೆ, ಜಾಗ) ಎಲ್ಲ ಅದರಲ್ಲಿ ಇರ್ಬೇಕು, ಇಲ್ಲಾಂದ್ರೆ ಅವರೇ ಅಗ್ಗದ್ದು ಒಂದು ಹುಡುಕಿ ತಂದು ಇದೂ ಅದೇ ಅಂತಾರೆ.

ಬೆಲೆ ನೋಡಿ ಮ್ಯಾನೇಜರ್ ಮುಖ ಸಣ್ಣದಾಯ್ತು, ನಿಜ ಹೇಳ್ಬೇಕು ಅಂದ್ರೆ ಪಾಪ ಅನ್ನಿಸ್ತು. ಆಗ ನಾನೇ ಹೇಳಿದೆ, ಗ್ರಾಹಕರ ಗಾಡಿಗೆ ಒಳಗೆ ಹಾನಿ ಆದ್ರೆ ಅಂತ ನಿಮ್ಮ ಸಂಸ್ಥೆ ಇನ್ಶೂರೆನ್ಸ್ ಮಾಡಿಸಿರಬಹುದಲ್ಲ, ಅಲ್ಲಿ ಹಾಕಿ ನೋಡಿ, ಯಾವ ಮೆಕಾನಿಕ್‌ನ ಸಂಬಳದಲ್ಲೂ ಹಿಡಿಯೋದು ಬೇಡ. ಪರಿಸ್ಥಿತಿ ತಿರುಗಿದ್ದು ಆಮೇಲೇ. ತಪ್ಪು ಯಾರದ್ದು ಅನ್ನೋ ಮಾತು ಹೋಗಿ ಪೇಪರ್ ಏನೇನು ಬೇಕು ಅನ್ನೋ ಮಾತು ಬಂತು. ಇನ್ಶೂರೆನ್ಸ್ ಕಡೆಯಿಂದ ಸರ್ವೇಯರ್ ಬಂದು ಹಾನಿ ನೋಡ್ಕೊಂಡು ಹೋದ್ರು, ದಾರದ ವಿಡಿಯೋ ಅವರೂ ಕಳಿಸ್ಕೊಂಡ್ರು.

ಒಪ್ಪಂದ ಆಗಿದ್ದು ಹೀಗೆ: ಒಂದು ಹೊಸ ವೀಲ್, ಉಳಿದ ಮೂರಕ್ಕೆ ಪೂರ್ತಿ ಕೋಟಿಂಗ್, ನಾನು ಹೇಳಿದ ಜಾಗದಲ್ಲಿ, ಬಿಲ್ ಡೀಲರ್‌ಶಿಪ್ ನೇರವಾಗಿ ಕಟ್ಟೋದು, ಟೈರ್ ಬಿಚ್ಚಿ ಹಾಕಿ ಬ್ಯಾಲೆನ್ಸ್ ಮಾಡೋ ಚಾರ್ಜ್ ಸಮೇತ. "ಇನ್ನು ಯಾವ ತಕರಾರೂ ಇಲ್ಲ" ಅನ್ನೋ ಪತ್ರಕ್ಕೆ ಮೊದಲೇ ಸೈನ್ ಕೇಳಿದ್ರು, ನಾನು ಕೆಲಸ ಮುಗಿದ ಮೇಲೆ ಅಂದೆ. ವೀಲ್ ಹಾಕಿ, ಟಾರ್ಕ್ ರೆಂಚಲ್ಲಿ ತಯಾರಕರು ಹೇಳಿದ ಅಳತೆಗೆ ನಟ್ ಬಿಗಿಸಿ, ಹೈವೇಲಿ ಓಡಿಸಿ ಸ್ಟೀರಿಂಗ್ ನಡುಗಲ್ಲ ಅಂತ ನೋಡಿ, 50–100 ಕಿಲೋಮೀಟರ್ ಆದ್ಮೇಲೆ ಇನ್ನೊಮ್ಮೆ ನಟ್ ಚೆಕ್ ಮಾಡಿಸಿ ಆಮೇಲೆ ಸೈನ್ ಹಾಕ್ದೆ. ಅಷ್ಟು ದಿನ ಹಳೇ ಕಂಪನಿ ವೀಲ್‌ಗಳಲ್ಲೇ ಓಡಾಡಿದೆ, ಓಡಾಟದ ಖರ್ಚು ಕೊಡಿ ಅಂದಿದ್ದಕ್ಕೆ ಮಾತ್ರ ಆಗಲ್ಲ ಅಂದ್ರು, ಅದನ್ನ ಬಿಟ್ಟುಕೊಟ್ಟೆ.