ಮೊದಲು ಕಿವಿಗೆ ಕೂರಿಸಿ, ಆಮೇಲೆ ಕೇಳಿ: ಕಡಿಮೆ ಬೆಲೆಯ ಇಯರ್‌ಫೋನ್‌ಗಳನ್ನು ಹೋಲಿಸುವುದು ಹೇಗೆ?

ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಇಯರ್‌ಫೋನ್ ಎಂಟು ತಿಂಗಳು ಸುಮ್ನೆ ಬಿದ್ದಿತ್ತು. ತಂದ ದಿನವೇ ಹಾಕಿ ಕೇಳಿ, 'ಥೂ, ತಗಡಿನ ಡಬ್ಬ ಬಡಿದ ಹಾಗಿದೆ' ಅಂತ ಒಳಗೆ ಎಸೆದಿದ್ದೆ. ಬೇಸ್, ಅಂದರೆ ತಗ್ಗಿನ ಸದ್ದು, ಹೆಸರಿಗೂ ಇರಲಿಲ್ಲ. ಒಂದು ದಿನ ಡ್ರಾಯರ್ ಚೊಕ್ಕ ಮಾಡುವಾಗ ಅದರ ಪೊಟ್ಟಣದಲ್ಲಿದ್ದ ದೊಡ್ಡ ಅಳತೆಯ ಟಿಪ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿ, ಕಣ್ಣಿಗೆ ಬಿತ್ತು. ಸಿಕ್ಕಿಸಿ ನೋಡಿದೆ. ಅದೇ ಫೋನ್, ಅದೇ ಹಾಡು. ತಬಲದ ಎಡಗೈ ಪೆಟ್ಟು ಈಗ ಗುಂಯ್ ಎನ್ನುತ್ತಿತ್ತು! ಎಂಟು ತಿಂಗಳು ಇಯರ್‌ಫೋನಿಗೆ ಬೈದಿದ್ದೆ. ತಪ್ಪು ಇದ್ದದ್ದು ಟಿಪ್ಪಿಗೂ ನನ್ನ ಕಿವಿಗೂ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ.

ಅದಕ್ಕೇ ಎರಡು ಇಯರ್‌ಫೋನ್‌ಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ, 'ಕಿವಿಗೆ ಸರಿಯಾಗಿ ಕೂತಿದೆಯಾ?' ಅಂತ ನಾನು ಮೊದಲು ತಿರುಗಿ ಕೇಳುತ್ತೇನೆ. ಅದು ಗೊತ್ತಾಗದೆ ಸದ್ದಿನ ಬಗ್ಗೆ ಏನು ಹೇಳಿದರೂ ಅಂದಾಜೇ.

ಶುರು ಮಾಡುವ ಮುಂಚೆ

ಒಮ್ಮೆಗೆ ಎರಡನ್ನೇ ಹೋಲಿಸಿ, ತೀರಾ ಬೇಕೆಂದರೆ ಮೂರು. ಐದಾರು ಗುಡ್ಡೆ ಹಾಕಿಕೊಂಡು ಕೂತರೆ ಮೊದಲನೆಯದು ಹೇಗಿತ್ತು ಅನ್ನುವುದೇ ಮರೆತುಹೋಗುತ್ತದೆ. ಫೋನ್ ಒಂದೇ ಇರಲಿ, ಹಾಡೂ ಅದೇ ಇರಲಿ. ಫೋನಿನ ಈಕ್ವಲೈಸರ್, ಬೇಸ್ ಬೂಸ್ಟ್, 'ಸರೌಂಡ್' ಅಂತ ಏನೇನಿದೆಯೋ ಎಲ್ಲ ಆಫ್ ಮಾಡಿ. ಇಯರ್‌ಫೋನಿಗೆ ತನ್ನದೇ ಆ್ಯಪ್ ಇದ್ದರೆ ಅದರೊಳಗೂ ಒಮ್ಮೆ ಇಣುಕಿ. ಬೇರೆಯವರ ಇಯರ್‌ಫೋನ್ ತಂದಿದ್ದರೆ ಟಿಪ್ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಟಿಪ್ಪನ್ನು ಮಾತ್ರ ತೊಳೆಯಬೇಕು, ಇಯರ್‌ಫೋನನ್ನಲ್ಲ. ಇದು ಹೇಳಬೇಕಾದ ಮಾತಾ ಅನ್ನಬೇಡಿ, ನೀರಲ್ಲಿ ಅದ್ದಿದವರನ್ನು ನೋಡಿದ್ದೇನೆ. ಫೋಮ್ ಟಿಪ್ ಆದರೆ ತೊಳೆಯುವುದಕ್ಕಿಂತ ಬದಲಾಯಿಸುವುದೇ ಮೇಲು.

ಟಿಪ್ ಆಯ್ಕೆ: ಇಲ್ಲಿ ಅವಸರ ಬೇಡ

ಪೊಟ್ಟಣದಲ್ಲಿ ಸಾಮಾನ್ಯವಾಗಿ ಸಣ್ಣ, ನಡು, ದೊಡ್ಡ ಅಂತ ಮೂರು ಜೊತೆ ಸಿಲಿಕೋನ್ ಟಿಪ್ ಇರುತ್ತವೆ. ನಡುವಿನದು ಮೊದಲೇ ಹಾಕಿರುತ್ತಾರೆ. ಜಾಸ್ತಿ ಜನ ಉಳಿದೆರಡನ್ನು ಮುಟ್ಟುವುದೇ ಇಲ್ಲ. ಒಬ್ಬರ ಎರಡು ಕಿವಿಗಳ ತೂತು ಕೂಡ ಒಂದೇ ಅಳತೆ ಇರಬೇಕು ಅಂತೇನಿಲ್ಲ. ನನಗೆ ಬಲಕ್ಕೆ ನಡುವಿನದು ಸಾಕು, ಎಡಕ್ಕೆ ದೊಡ್ಡದೇ ಬೇಕು. ಆದ್ದರಿಂದ ಒಂದೊಂದು ಕಿವಿಗೂ ಬೇರೆ ಬೇರೆಯಾಗಿ ಹುಡುಕಿ.

ಹಾಕುವುದಕ್ಕೂ ಒಂದು ರೀತಿ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗ ಹಿಡಿದು ಮೇಲಕ್ಕೂ ಸ್ವಲ್ಪ ಹಿಂದಕ್ಕೂ ಎಳೆಯಿರಿ. ಬಾಯಿ ಕೊಂಚ ತೆರೆದಿರಲಿ. ಕಿವಿಯ ದಾರಿ ನೆಟ್ಟಗಾಗುತ್ತದೆ, ಟಿಪ್ ಒಳಗೆ ಜಾರುತ್ತದೆ. ಮೆಲ್ಲಗೆ ತಿರುಗಿಸುತ್ತಾ ಕೂರಿಸಿ, ಕೈ ಬಿಡಿ. ಕಿವಿ ತನ್ನ ಜಾಗಕ್ಕೆ ಬಂದು ಟಿಪ್ಪನ್ನು ಅಪ್ಪಿಕೊಳ್ಳುತ್ತದೆ. ಒತ್ತುವಾಗ ಒಳಗೆ ಚಟ್ ಅಂತ ಕಾಗದ ಮುದುರಿದ ಸದ್ದು ಬಂದರೆ ಗಾಬರಿ ಬೇಡ. ಗಾಳಿಯ ಒತ್ತಡಕ್ಕೆ ಇಯರ್‌ಫೋನಿನ ಒಳಗಿನ ತೆಳು ಪೊರೆ ಬಾಗಿದ ಸದ್ದು ಅದು. ಇನ್ನೂ ನಿಧಾನವಾಗಿ ಹಾಕಿದರೆ ಕಡಿಮೆಯಾಗುತ್ತದೆ.

ಸರಿಯಾಗಿ ಕೂತಿದೆಯಾ ಅಂತ ತಿಳಿಯಲು ಎರಡು ಪರೀಕ್ಷೆ. ಒಂದು, ಏನೂ ನುಡಿಸದೆ ಜೋರಾಗಿ 'ಊಂ' ಅನ್ನಿ. ನಿಮ್ಮ ದನಿ ನಿಮ್ಮ ತಲೆಯೊಳಗೇ ಮೊಳಗಿದರೆ ಕಿವಿ ಮುಚ್ಚಿದೆ ಎಂದರ್ಥ. ಎರಡು, ಬೇಸ್ ಜಾಸ್ತಿ ಇರುವ ಹಾಡು ಹಾಕಿ ಇಯರ್‌ಫೋನನ್ನು ಬೆರಳಿನಿಂದ ಮೆತ್ತಗೆ ಒಳಕ್ಕೆ ಒತ್ತಿ. ಒತ್ತಿದಾಗ ಬೇಸ್ ಉಕ್ಕಿ, ಬಿಟ್ಟಾಗ ಇಳಿದರೆ ಸಂದು ಇದೆ. ಇನ್ನೊಂದು ಅಳತೆಯ ಟಿಪ್ ಹಾಕಿ. ಒತ್ತಿದರೂ ಬಿಟ್ಟರೂ ಹೆಚ್ಚು ಬದಲಾಗದಿದ್ದರೆ ಅದೇ ನಿಮ್ಮ ಟಿಪ್. ಮೊದಲು ಸಂದಿನಿಂದ ಸೋರಿಹೋಗುವುದು ತಗ್ಗಿನ ಸದ್ದೇ. ಅದಕ್ಕೇ ಸಡಿಲ ಕೂತ ಒಳ್ಳೆ ಇಯರ್‌ಫೋನೂ ತಗಡಿನ ಹಾಗೆ ಕೇಳಿಸುತ್ತದೆ.

ಎಷ್ಟು ಆಳಕ್ಕೆ ಹೋಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆಳ ಬದಲಾದರೆ ಮೇಲಿನ ಸದ್ದುಗಳು, ಅಂದರೆ ಗೆಜ್ಜೆ, ತಾಳದಂಥವು, ಬೇರೆ ಥರ ಕೇಳಿಸುತ್ತವೆ. ಫೋಮ್ ಟಿಪ್ ಸಿಕ್ಕರೆ ಪ್ರಯತ್ನಿಸಬಹುದು. ಬೆರಳಲ್ಲಿ ಹಿಂಡಿ ಸಣ್ಣದು ಮಾಡಿ ಕಿವಿಗೆ ಹಾಕಿ, ಅದು ಅರಳುವವರೆಗೆ ಹಿಡಿದುಕೊಂಡಿರಬೇಕು. ಹೊರಗಿನ ಗದ್ದಲ ಚೆನ್ನಾಗಿ ತಡೆಯುತ್ತದೆ, ಆದರೆ ಟ್ರೆಬಲ್, ಅಂದರೆ ಆ ಮೇಲಿನ ಸದ್ದು, ಸ್ವಲ್ಪ ಮೆತ್ತಗಾಗುತ್ತದೆ. ಒಂದಕ್ಕೆ ಫೋಮ್, ಇನ್ನೊಂದಕ್ಕೆ ಸಿಲಿಕೋನ್ ಹಾಕಿ ಹೋಲಿಸಬೇಡಿ. ಹಾಗೆ ಮಾಡಿದರೆ ಟಿಪ್ಪುಗಳನ್ನು ಹೋಲಿಸಿದಂತೆ.

ದನಿ ನಡುವಲ್ಲಿದೆಯಾ?

ಒಬ್ಬರೇ ಮಾತಾಡಿದ ರೆಕಾರ್ಡಿಂಗ್ ಹಾಕಿ ಕಣ್ಣು ಮುಚ್ಚಿ. ದನಿ ತಲೆಯ ನಡುವೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ತಪ್ಪು ಯಾರದು ಅಂತ ಪತ್ತೆ ಮಾಡುವುದು ಸುಲಭ. ವೈರ್ ಇರುವ, ಎರಡೂ ಬದಿ ಒಂದೇ ಆಕಾರದ್ದಾದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ, ಟಿಪ್ಪು ಮಾತ್ರ ಆಯಾ ಕಿವಿಯದ್ದೇ ಇರಲಿ. ವಾಲುವಿಕೆಯೂ ಆಚೆ ಬದಿಗೆ ಹೋದರೆ ದೋಷ ಇಯರ್‌ಫೋನಿನಲ್ಲೋ ಫೋನಿನಲ್ಲೋ ಇದೆ. ಮೊದಲಿದ್ದ ಬದಿಯಲ್ಲೇ ಉಳಿದರೆ ನಿಮ್ಮ ಕಿವಿ ಅಥವಾ ಟಿಪ್ಪಿನದು. ಇಯರ್‌ಫೋನಿಗೆ ಬೈಯುವ ಮುಂಚೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಡ-ಬಲ ಬ್ಯಾಲೆನ್ಸ್ ಜಾರಿದೆಯಾ ನೋಡಿ. ಇಯರ್‌ಫೋನಿನ ಬಾಯಿಯ ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿದ್ದರೂ ಒಂದು ಬದಿ ಮಂಕಾಗುತ್ತದೆ. ಜಾಲರಿಯನ್ನು ಕೆಳಮುಖ ಹಿಡಿದು ಒಣ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಪಿನ್ನು ಚುಚ್ಚಬೇಡಿ.

ವಾಲ್ಯೂಮ್ ಸಮ ಮಾಡಿ

ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಎಲ್ಲರೂ ಮೋಸಹೋಗುವುದು ಇಲ್ಲಿ. ಜೋರಾಗಿ ನುಡಿಯುವುದು ಚೆನ್ನಾಗಿ ನುಡಿದಂತೆ ಕೇಳಿಸುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಸಂಶೋಧಕರು ಇದರ ಹಿಂದಿನ ಒಂದು ಕಾರಣವನ್ನು ಅಳೆದು ತೋರಿಸಿದರು. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ಸಿಗುವುದಿಲ್ಲ. ವಾಲ್ಯೂಮ್ ಏರಿಸಿದಂತೆ ನಡುವಿನ ಸದ್ದಿಗಿಂತ ಬೇಸ್ ಬೇಗ ಬೇಗ ಏರುತ್ತದೆ. ಹಾಗಾಗಿ ಒಂದು ಇಯರ್‌ಫೋನ್ ಸ್ವಲ್ಪವೇ ಜೋರಿದ್ದರೂ 'ಆಹಾ, ಇದರಲ್ಲಿ ತುಂಬು ಇದೆ' ಅನ್ನಿಸಿಬಿಡುತ್ತದೆ.

ಫೋನಿನ ವಾಲ್ಯೂಮ್ ಒಂದೇ ಹಂತದಲ್ಲಿ ಇಟ್ಟರೆ ಸಮ ಆಯಿತಲ್ಲ? ಇಲ್ಲ. ಒಂದೊಂದು ಇಯರ್‌ಫೋನಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು, ಒಂದೊಂದು ಥರ. ಅದೇ ಹಂತದಲ್ಲಿ ಒಂದು ಕೂಗುತ್ತದೆ, ಇನ್ನೊಂದು ಪಿಸುಗುಟ್ಟುತ್ತದೆ.

ನಾನು ಮಾಡುವುದು ಹೀಗೆ. ಸಾದಾ ಮಾತಿನ ರೆಕಾರ್ಡಿಂಗ್ ಹಾಕುತ್ತೇನೆ. ಮೊದಲನೆಯದರಲ್ಲಿ ಆರಾಮಾಗಿ ಕೇಳಿಸುವ ಹಂತ ಬರೆದುಕೊಳ್ಳುತ್ತೇನೆ. ಎರಡನೆಯದರಲ್ಲಿ ಅದೇ ದನಿ ಅಷ್ಟೇ ಹತ್ತಿರ ಅನ್ನಿಸುವವರೆಗೆ ಏರಿಸಿ ಇಳಿಸಿ, ಆ ಹಂತವನ್ನೂ ಬರೆದುಕೊಳ್ಳುತ್ತೇನೆ. ಹಾಡಿಗಿಂತ ಮಾತೇ ಒಳ್ಳೆಯದು, ಯಾಕೆಂದರೆ ಬೇಸ್ ನಮ್ಮನ್ನು ದಾರಿ ತಪ್ಪಿಸುವುದಿಲ್ಲ. ಕೆಲವೊಮ್ಮೆ ಒಂದು ಹಂತ ಕಡಿಮೆ, ಮುಂದಿನದು ಜಾಸ್ತಿ ಅನ್ನಿಸುತ್ತದೆ. ಆಗ ನಿಮಗೆ ಮೊದಲೇ ಮೆಚ್ಚುಗೆಯಾದದ್ದನ್ನು ಒಂದು ಕೂದಲು ಕೆಳಗೇ ಇಡಿ. ಆಗಲೂ ಅದೇ ಗೆದ್ದರೆ ನಿಜವಾಗಿ ಗೆದ್ದಂತೆ.

ಈಗ ಕೇಳಿ

ಇದಕ್ಕೆ ವಿಶೇಷ 'ಟೆಸ್ಟ್ ಟ್ರ್ಯಾಕ್' ಬೇಕಿಲ್ಲ. ನೂರು ಸಲ ಕೇಳಿ ಬಾಯಿಪಾಠವಾದ ಹಾಡೇ ಸಾಕು. ಮೂವತ್ತು ಸೆಕೆಂಡಿನ ತುಣುಕು ಆರಿಸಿ, ಒಂದರಲ್ಲಿ ಕೇಳಿ, ತಕ್ಷಣ ಇನ್ನೊಂದರಲ್ಲಿ ಕೇಳಿ. ಆಮೇಲೆ ಸರದಿ ಉಲ್ಟಾ ಮಾಡಿ. ಚುರುಕು ಸದ್ದಿನದನ್ನು ಕೇಳಿದ ಮೇಲೆ ಯಾವುದನ್ನು ಹಾಕಿದರೂ ಮಂಕೆನಿಸುತ್ತದೆ, ಅದಕ್ಕೇ ಉಲ್ಟಾ ಸರದಿ ಬೇಕು.

ಒಂದು ಸಲಕ್ಕೆ ಒಂದನ್ನೇ ಗಮನಿಸಿ. ಬೇಸ್ ಪೆಟ್ಟು ಬಿದ್ದು ನಿಲ್ಲುತ್ತದೆಯಾ, ಇಲ್ಲಾ ಗುಂಯ್‌ಗುಡುತ್ತಾ ಎಳೆಯುತ್ತದೆಯಾ? ಗಂಡು ದನಿ ಕೊಡದೊಳಗಿಂದ ಬಂದ ಹಾಗಿದ್ದರೆ ಬೇಸ್ ಮಿತಿಮೀರಿ ದನಿಯ ಮೇಲೆ ಹಬ್ಬಿದೆ. ಕಡಿಮೆ ಬೆಲೆಯವುಗಳಲ್ಲಿ ನನಗೆ ಜಾಸ್ತಿ ಸಿಕ್ಕಿರುವ ಕುಂದು ಇದೇ. ನಾಲ್ಕೈದು ವಾದ್ಯ ಒಟ್ಟಿಗೆ ನುಡಿಯುವ ಜಾಗದಲ್ಲಿ ಕೊಳಲನ್ನು ಮಾತ್ರ ಹಿಂಬಾಲಿಸಲು ಆಗುತ್ತದೆಯಾ, ಅಥವಾ ಎಲ್ಲ ಕಲಸಿಹೋಗುತ್ತದೆಯಾ?

ಇನ್ನು ಟ್ರೆಬಲ್. ಇದಕ್ಕೆ ನಮ್ಮ 'ಸ', 'ಶ', 'ಚ' ಅಕ್ಷರಗಳಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮನೆಯಲ್ಲಿ ಯಾರಿಂದಾದರೂ 'ಸಂಜೆ ಸುಸ್ತಾಗಿ ಶಂಕರ ಚಾಪೆ ಹಾಸಿದ' ಅಂತ ಓದಿಸಿ ಫೋನಲ್ಲಿ ರೆಕಾರ್ಡ್ ಮಾಡಿ. ಅವರ ದನಿ ನಿಮಗೆ ಗೊತ್ತಿದೆ ಅಲ್ವಾ? ಪ್ರತಿ 'ಸ'ಕಾರಕ್ಕೂ ಕಿವಿಗೆ ಸೂಜಿ ಚುಚ್ಚಿದಂತಾದರೆ ಆ ಇಯರ್‌ಫೋನ್ ಅರ್ಧ ಗಂಟೆಯಲ್ಲಿ ಬೇಸರ ತರಿಸುತ್ತದೆ. 'ಸ' ಹೋಗಿ 'ಥ'ದ ಹಾಗೆ ಕೇಳಿದರೆ ಟ್ರೆಬಲ್ ಕಡಿಮೆಯಿದೆ.

ಪ್ರತಿ ಸುತ್ತಿನ ನಂತರ ಎರಡು ಪದ ಬರೆದಿಡಿ. 'ಚೆನ್ನಾಗಿದೆ' ಅಂತಲ್ಲ. 'ದನಿ ಹಿಂದೆ', 'ಗೆಜ್ಜೆ ಚೂಪು' ಅಂತ. ಜೊತೆಗೆ ಯಾರಾದರೂ ಕೇಳುತ್ತಿದ್ದರೆ ಇಬ್ಬರೂ ಬರೆದು ಮುಗಿಸುವವರೆಗೆ ಮಾತು ಬೇಡ. ಒಬ್ಬರು 'ಅಬ್ಬಾ' ಅಂದರೆ ಇನ್ನೊಬ್ಬರ ಕಿವಿಯೂ ಹಾಗೇ ಕೇಳಲು ಶುರು ಮಾಡುತ್ತದೆ.

ಡಬ್ಬದ ಮೇಲಿನ ಅಂಕಿಗಳು

'20 ಹರ್ಟ್ಸ್‌ನಿಂದ 20,000 ಹರ್ಟ್ಸ್' ಅಂತ ಹೆಚ್ಚುಕಡಿಮೆ ಎಲ್ಲದರ ಮೇಲೂ ಇರುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ವ್ಯಾಪ್ತಿಯೇ ಸುಮಾರು ಅಷ್ಟು. ಆ ವ್ಯಾಪ್ತಿಯಲ್ಲಿ ಎಲ್ಲಿ ಎಷ್ಟು ಜೋರು ಅಂತ ಹೇಳದೆ ಆ ಅಂಕಿಗೆ ಬೆಲೆಯಿಲ್ಲ. ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, 10 ಮಿಲಿಮೀಟರೋ 13 ಮಿಲಿಮೀಟರೋ, ಒಂದೋ ಮೂರೋ, ಅದರಿಂದಲೂ ಸದ್ದು ಹೇಗಿರುತ್ತದೆ ಅಂತ ಹೇಳಲಾಗುವುದಿಲ್ಲ. ಬೆವರು, ತುಂತುರಿಗೆ ಹೆದರುವವರು ಐಪಿಎಕ್ಸ್4 ಗುರುತು ನೋಡಿದರೆ ಸಾಕು.

ವೈರ್ ಇಲ್ಲದ್ದಾದರೆ ಎರಡು ಮಾತು. ಕರೆ ಬಂದ ಕೂಡಲೇ ಸದ್ದು ಹಳೆ ರೇಡಿಯೊದಂತೆ ತೆಳ್ಳಗಾದರೆ ಇಯರ್‌ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಮೈಕ್ ಆನ್ ಆದಾಗ ಸಾಮಾನ್ಯ ಬ್ಲೂಟೂತ್ ಬೇರೆ ವಿಧಾನಕ್ಕೆ ಇಳಿಯುತ್ತದೆ. ಗದ್ದಲ ತಡೆಯುವ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿದಾಗ ಸದ್ದಿನ ಬಣ್ಣವೇ ಬದಲಾಗಬಹುದು, ಹಾಗಾಗಿ ಎರಡರಲ್ಲೂ ಆನ್ ಅಥವಾ ಎರಡರಲ್ಲೂ ಆಫ್ ಇಟ್ಟು ಕೇಳಿ.

ಕೊನೆಗೆ, ಹಾಕಿಕೊಂಡು ಓಡಾಡಿ

ಕೂತು ಕೇಳಿದ್ದು ಆಯಿತು. ಒಂದು ಗಂಟೆ ಹಾಕಿಕೊಂಡೇ ಇರಿ. ಏನಾದರೂ ಅಗಿಯಿರಿ, ಆಕಳಿಸಿ, ಜೋರಾಗಿ ನಗಿ. ದವಡೆ ಆಡಿದಾಗಲೆಲ್ಲ ಬೇಸ್ ಹೋಗಿ ಬಂದರೆ ಟಿಪ್ ಇನ್ನೂ ಸರಿಯಿಲ್ಲ. ನೋವು ಎಲ್ಲಿದೆ ಅಂತಲೂ ಗಮನಿಸಿ. ತೂತಿನ ಒಳಗಾದರೆ ಟಿಪ್ ಸಣ್ಣದು ಮಾಡಿ ಸರಿಪಡಿಸಬಹುದು. ಹೊರಗಿನ ಬಟ್ಟಲಿಗೆ ಇಯರ್‌ಫೋನಿನ ಮೈ ಒತ್ತುತ್ತಿದ್ದರೆ ಯಾವ ಟಿಪ್ಪೂ ಉಪಯೋಗಕ್ಕೆ ಬರದು, ಅದು ನಿಮ್ಮ ಕಿವಿಯ ಆಕಾರದ್ದಲ್ಲ. ಸದ್ದು ಎಷ್ಟೇ ಚೆನ್ನಾಗಿರಲಿ, ನಾನಾದರೆ ಅಂಥದ್ದನ್ನು ವಾಪಸ್ ಕೊಡುತ್ತೇನೆ.

ಗದ್ದಲದ ಜಾಗಕ್ಕೂ ಒಮ್ಮೆ ಹೋಗಿ. ಮನೆಯಲ್ಲಿ ಬರೆದುಕೊಂಡ ವಾಲ್ಯೂಮ್ ಹಂತಕ್ಕಿಂತ ಅಲ್ಲಿ ಎಷ್ಟು ಏರಿಸಬೇಕಾಯಿತು ಅಂತ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆವರೆಗೆ ಸರಿ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. ಚೆನ್ನಾಗಿ ಕೂತದ್ದು ಗದ್ದಲವನ್ನು ತಾನೇ ತಡೆಯುತ್ತದೆ, ನೀವು ಏರಿಸುವ ಪ್ರಮೇಯ ಬರುವುದಿಲ್ಲ.

ವೈರ್ ಇರುವುದನ್ನು ಹಾಕಿ ನಡೆಯುವಾಗ ವೈರು ಅಂಗಿಗೆ ಉಜ್ಜಿ ಕಿವಿಯೊಳಗೆ ದಡ್ ದಡ್ ಅನ್ನುತ್ತದೆ. ಬಿಗಿಯಾಗಿ ಕೂತಷ್ಟೂ ಈ ಕಾಟ ಜಾಸ್ತಿ. ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಇಳಿಬಿಡಿ, ಬಹುಪಾಲು ನಿಲ್ಲುತ್ತದೆ. ಡ್ರಾಯರ್‌ನಿಂದ ಎದ್ದು ಬಂದ ನನ್ನ ಇಯರ್‌ಫೋನನ್ನು ಈಗ ಹಾಗೇ ಹಾಕುತ್ತೇನೆ. ಎಡಕ್ಕೆ ದೊಡ್ಡ ಟಿಪ್, ಬಲಕ್ಕೆ ನಡುವಿನದು.