ಬಣ್ಣ ತೆಗೆದ ಮೇಲೆ ಗುರುತು ಹಿಡಿದರೆ

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಯಾರನ್ನು ಜನ ಗುರುತು ಹಿಡಿಯುತ್ತಾರೆ ಎನ್ನುವುದು ವೇಷದ ಮೇಲೆ ಹೋಗುತ್ತದೆ. ಹಾಡುವ ಭಾಗವತರಿಗೆ ಬಣ್ಣವಿಲ್ಲ, ಮುಂಡಾಸು ತೆಗೆದರೂ ಅದೇ ಮುಖ. ಸ್ತ್ರೀವೇಷ, ತರುಣ ವೀರರ ಪುಂಡುವೇಷದವರದ್ದು ತೆಳು ಬಣ್ಣ. ಯೂಟ್ಯೂಬ್ ಬಂದ ಮೇಲೆ ಅವರನ್ನೂ ಪೇಟೆಯಲ್ಲಿ ಬಿಡುವುದಿಲ್ಲ. ರಾಕ್ಷಸರ ಪಾತ್ರ ಮಾಡುವ ನನ್ನಂಥ ಬಣ್ಣದ ವೇಷದವನು ಮಾತ್ರ, ರಾತ್ರಿ ಮಹಿಷಾಸುರನಾಗಿ ಉರಿಯುವ ದೊಂದಿ ಹಿಡಿದು ಸಭೆಯ ನಡುವಿನಿಂದಲೇ ಬಂದರೂ, ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಒಬ್ಬ. "ನಿನ್ನೆ ಮಹಿಷಾಸುರ ಸ್ವಲ್ಪ ಸಪ್ಪೆ ಮಾರಾಯ್ರೆ" ಎನ್ನುವುದು ಪಕ್ಕದ ಸೀಟಿನಿಂದ ನೇರ ಕಿವಿಗೆ ಬೀಳುತ್ತದೆ. ಚುಚ್ಚುತ್ತದೆ ನಿಜ, ಆದರೆ ಮುಖ ನೋಡಿ ಯಾರೂ ಹೇಳದ ಮಾತದು. ಬಾಯಿ ಬಿಡದೆ ಕೇಳಿಸಿಕೊಳ್ಳುತ್ತೇನೆ.

ಬಾಯಿ ಬಿಟ್ಟರೆ ಸ್ವರ ಹಿಡಿದುಕೊಡುತ್ತದೆ. ಇಲ್ಲವಾದರೆ ಕಣ್ಣಿನ ಕಾಡಿಗೆ. ಬಣ್ಣ ಕಲಸಿದ್ದು ಎಣ್ಣೆಯಲ್ಲಾದ್ದರಿಂದ ಮೊದಲೇ ನೀರು ಹಾಕಿದರೆ ಮುಖವಿಡೀ ಹರಡುತ್ತದೆ, ಹೋಗುವುದಿಲ್ಲ. ಹಾಗಾಗಿ ಮೊದಲು ಮುಖದಲ್ಲಿ ಮುಳ್ಳುಮುಳ್ಳಾಗಿ ಇಟ್ಟ ಚುಟ್ಟಿಗೆ ಮಾತ್ರ ಒದ್ದೆ ಬಟ್ಟೆಯಿಟ್ಟು, ಅದು ಮೆತ್ತಗಾದ ಮೇಲೆ ಬಿಡಿಸುತ್ತೇನೆ. ಉಗುರಲ್ಲಿ ಕೆರೆದರೆ ಗಲ್ಲ ಕೆಂಪಾಗಿ ಮರುದಿನದ ಬಣ್ಣ ಉರಿಯುತ್ತದೆ. ಆಮೇಲೆ ತೆಂಗಿನೆಣ್ಣೆ ತಿಕ್ಕಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಕೊನೆಗೆ ಸೋಪು. ಇಷ್ಟಾದರೂ ರೆಪ್ಪೆಯ ಬುಡದಲ್ಲಿ ಕಪ್ಪು, ಕಿವಿಯ ಹಿಂದೆ ಇಂಗಳೀಕದ ಕೆಂಪು ಉಳಿದಿರುತ್ತದೆ. ಎಣ್ಣೆ ಅದ್ದಿದ ಹತ್ತಿಯಲ್ಲಿ ಇವೆರಡನ್ನು ತೆಗೆಯದಿದ್ದರೆ "ನೀವು ಮೇಳದವರಾ?" ಎಂಬ ಪ್ರಶ್ನೆ ಬಂತೆಂದೇ ಲೆಕ್ಕ, ಬಸ್ಸಿನ ನಿದ್ದೆ ಹೋಯಿತು.

ನಿಜವಾದ ತೊಂದರೆ ಇರುವುದು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ. ಚುಟ್ಟಿ ಅಕ್ಕಿಹಿಟ್ಟು, ಸುಣ್ಣದ್ದು. ಇಡುವುದಕ್ಕೆ ಗಂಟೆಗಟ್ಟಲೆ ಬೇಕು, ಒಣಗಿದ ಮೇಲೆ ನಕ್ಕರೂ ಬಿರುಕು ಬಿಡುತ್ತದೆ. ಸೆಲ್ಫಿಗೆ ಗಲ್ಲ ತಾಗಿಸಿದರೆ ಮುಳ್ಳಿನ ಸಾಲೇ ಉದುರಿತು. ಹಾಗಾಗಿ ಫೋಟೋ ಕೇಳಿದವರನ್ನು ಎಡಕ್ಕೆ ಒಂದು ಮೊಳ ದೂರ ನಿಲ್ಲಿಸಿ, ಬೇರೆಯವರ ಕೈಯಲ್ಲಿ ತೆಗೆಸುತ್ತೇನೆ. ಮಕ್ಕಳನ್ನು ಎತ್ತಿ ತಂದು ಮುಖದೆದುರು ಹಿಡಿಯುವವರಿದ್ದಾರೆ. ಆಗ ಆರ್ಭಟ ಕೊಡಲೇಬಾರದು. ಕೂತುಕೊಂಡು, ಬಣ್ಣವಿಲ್ಲದ ಅಂಗೈ ತೋರಿಸಿ, ಮನೆಯ ಸ್ವರದಲ್ಲಿ "ಊಟ ಆಯ್ತಾ ಪುಟ್ಟ?" ಎಂದರೆ ಮಗು ಮೊದಲು ಕೈ ನೋಡುತ್ತದೆ, ಆಮೇಲೆ ಮುಖ.

ಗುರುತು ಸಿಕ್ಕ ಮೇಲೆ ಅಲ್ಲವೆನ್ನುವುದಿಲ್ಲ, ಆಟ, ಅಂದರೆ ಪ್ರದರ್ಶನ, ಆಡಿಸುವವರು ಇವರೇ ತಾನೆ. ಮೇಳದ ಹೆಸರು, ಇವತ್ತು ಆಟ ಎಲ್ಲಿ, ಯಾವ ಪ್ರಸಂಗ, ಇಷ್ಟು ಹೇಳುತ್ತೇನೆ. ಹರಕೆಯಾಟದ ದಿನ ಬೇಗ ಸಿಗುವಂತೆ ಮಾಡಿ ಎಂದು ಕೇಳಿದರೆ ಮೇಳದ ಆಫೀಸಿನ ನಂಬರು. ನನ್ನ ನಂಬರು ಕೊಟ್ಟರೆ ಮಧ್ಯಾಹ್ನದ ನಿದ್ದೆಯೂ ಇಲ್ಲ. ಮೇಳದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಇದೊಂದೂ ಇರುವುದಿಲ್ಲ. ಮಳೆಗಾಲದಲ್ಲಿ ಯಾರಾದರೂ "ಎಲ್ಲೋ ಕೇಳಿದ ಸ್ವರ" ಎಂದರೆ, ಕೊಡೆ ಮಡಚಿ ನಿಂತು ಮಾತಾಡುತ್ತೇನೆ.